ಅಪ್ಪನ ಬಂದೂಕ ಯಾರ ಹೆಸರಿಗೆ?

ನಮ್ಮಪ್ಪನಿಗೆ ಎಪ್ಪತ್ತು ತುಂಬಿತು. ಎಪ್ಪತ್ತು ತುಂಬಿದೋರ ಮನೇಲಿ ಪಹಣಿ, ಪಾಲು, ಖಾತೆ ಮಾತು ಬರೋದು ಎಲ್ಲ ಕಡೆ ಇದ್ದದ್ದೇ. ನಮ್ಮನೇಲಿ ಅದರ ಜೊತೆಗೆ ಇನ್ನೊಂದು ಐತೆ. ಬಂದೂಕ ಯಾರ ಹೆಸರಿಗೆ? 2016ರ ಆಯುಧ ನಿಯಮದಲ್ಲಿ ಇದಕ್ಕೊಂದು ದಾರಿ ಮಾಡವ್ರೆ. ಲೈಸೆನ್ಸುದಾರನಿಗೆ 70 ವರ್ಷ ಆಗಬೇಕು, ಇಲ್ಲಾ ಬಂದೂಕ ಇಟ್ಕೊಂಡು 25 ವರ್ಷ ಆಗಿರಬೇಕು. ಯಾವುದು ಮೊದಲು ಆಯ್ತೋ ಅವತ್ತಿಂದ, ಅವನು ಬದುಕಿರುವಾಗಲೇ ವಾರಸುದಾರರು ಲೈಸೆನ್ಸಿಗೆ ಅರ್ಜಿ ಹಾಕಬಹುದು. ಮಗಳೂ ಹಾಕಬಹುದು. 21 ವರ್ಷ ಆಗಿದ್ರೆ ಸಾಕು, ಹೆಣ್ಣು ಗಂಡು ಅನ್ನೋ ಭೇದ ಕಾನೂನಲ್ಲಿ ಇಲ್ಲ. ಭೇದ ಇರೋದು ನಮ್ಮ ಮನೆಗಳಲ್ಲಿ.

ತಮ್ಮ ಬೆಂಗಳೂರಲ್ಲಿ ಅವ್ನೆ. "ಅಕ್ಕ, ಅದನ್ನ ಸ್ಟೇಷನ್ನಿಗೆ ಕೊಟ್ಟು ಕೈ ತೊಳ್ಕೊಳ್ಳಿ, ಸುಮ್ನೆ ತಲೆನೋವು" ಅಂತಾನೆ. ಚಿಕ್ಕಪ್ಪನ ಮಗ ಹಿರಿಯೂರಲ್ಲಿ ಅಂಗಡಿ ಇಟ್ಟವ್ನೆ, ಅವನದು ಬೇರೆ ರಾಗ. "ಕಾಲ ಕೆಟ್ಟೋಗೈತೆ, ನಿಮ್ದು ಒಂಟಿಮನೆ. ಇರೋದನ್ನ ಕೊಡೋ ಮಾತಾಡ್ತೀರಲ್ಲ, ಇನ್ನೊಂದು ಪಿಸ್ತೂಲಿಗೆ ಅರ್ಜಿ ಹಾಕ್ರಿ" ಅಂತಾನೆ. ಅವ್ವನ್ನ ಕೇಳಿದ್ರೆ, "ಅದು ಇದ್ರೆ ಒಂದು ಭಯ, ಇಲ್ದಿದ್ರೆ ಒಂದು ಭಯ" ಅಂತಾಳೆ. ಮೂವರ ಮಾತಲ್ಲೂ ಸತ್ಯ ಐತೆ. ಆದ್ರೆ ತೋಟದ ಮನೇಲಿ ರಾತ್ರಿ ಕಳೆಯೋಳು ನಾನು. ಅದಕ್ಕೆ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಬಂದೂಕನ್ನ ನನ್ನ ಹೆಸರಿಗೆ ಮಾಡಿಸ್ಕೊತೀನಿ. ಆದ್ರೆ ಚಿಕ್ಕಪ್ಪನ ಮಗ ಹೇಳೋ ಕಾರಣಕ್ಕಲ್ಲ.

ಮೊದಲು ಈ ಬಂದೂಕ ಏನು ಅಂತ ತಿಳ್ಕೊಳ್ಳಿ. ಸಿನಿಮಾದಲ್ಲಿ ತೋರಿಸೋ ಅಂಥದ್ದಲ್ಲ. ಒಂಟಿ ನಳಿಗೆದು, ತೋಟಾ ಹಾಕಿ ಹೊಡಿಯೋದು. ಒಂದು ಸಲ ಹೊಡೆದ್ರೆ ಮಡಚಿ, ಖಾಲಿ ತೋಟಾ ತೆಗೆದು, ಇನ್ನೊಂದು ಹಾಕಬೇಕು. ಲೈಸೆನ್ಸಲ್ಲಿ ಬರೆದಿರೋದು ಬೆಳೆ ರಕ್ಷಣೆಗೆ ಅಂತ. 1959ರ ಆಯುಧ ಕಾಯ್ದೆ ಬೆಳೆ ಕಾಯೋಕೆ ಅಂತ ಮೊದಲು ಹೇಳೋದು ಮದ್ದು ಇಡಿದು ತುಂಬೋ ಹಳೇ ಕಾಲದ ನಾಡ ಬಂದೂಕನ್ನ. ಅದು ಸಾಲಲ್ಲ ಅಂತ ಅಧಿಕಾರಿಗೆ ಮನವರಿಕೆ ಆದ್ರೆ ಮಾತ್ರ ಇಂಥ ನುಣುಪು ನಳಿಗೆ ಬಂದೂಕ. ಅಂದ್ರೆ ಸರ್ಕಾರದ ಕಣ್ಣಲ್ಲಿ ಇದು ಗುದ್ದಲಿ, ಮಚ್ಚು, ಸ್ಪ್ರೇಯರ್ ಸಾಲಿಗೆ ಸೇರಿದ ಸಾಮಾನು. ನಮ್ಮನೇಲೂ ಅಷ್ಟೇ. ಆಯುಧಪೂಜೆ ದಿನ ಮೋಟರ್ ಸ್ಟಾರ್ಟರ್ ಪಕ್ಕದಲ್ಲಿಟ್ಟು ಅದಕ್ಕೂ ಒಂದು ಹೂವು ಇಡ್ತಾಳೆ ಅವ್ವ.

ಅದರಿಂದ ಏನು ಹೊಡೀತೀರಿ ಅಂತ ಕೇಳ್ತಾರೆ ಪ್ಯಾಟೆಯೋರು. ಏನೂ ಹೊಡಿಯಲ್ಲ ಕಣ್ರಿ. ಹೊಡಿಯೋಕೆ ಕಾನೂನು ಎಲ್ಲೈತೆ? ನಮ್ಮ ಕಡೆ ರಾತ್ರಿ ಬರೋರು ಯಾರು ಅಂದ್ರೆ ಹಂದಿ, ಕರಡಿ, ಯಾವಾಗಾದ್ರೂ ಒಂದು ಚಿರತೆ. ಬೆಳಗ್ಗೆ ನವಿಲು. ಕರಡಿ, ಚಿರತೆ, ನವಿಲು ಮೂರೂ 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿ ಅವೆ, ಮುಟ್ಟಂಗಿಲ್ಲ. ಕಾಡುಹಂದಿ 2022ರ ತಿದ್ದುಪಡಿ ಆದ್ಮೇಲೆ ಎರಡನೇ ಪಟ್ಟಿಗೆ ಬಂತು. ಬೆಳೆ ಹಾಳು ಮಾಡೋ ಹಂದಿ ಹೊಡಿಯೋಕೂ ಅರಣ್ಯ ಇಲಾಖೆ ಅಧಿಕಾರಿ ಬರಹದಲ್ಲಿ ಅನುಮತಿ ಕೊಡಬೇಕು. ಮೈಮೇಲೆ ಬಿದ್ದಾಗ ಪ್ರಾಣ ಉಳಿಸ್ಕೊಳ್ಳೋಕೆ ಹೊಡೆದ್ರೆ ಅಪರಾಧ ಅಲ್ಲ ಅಂತ ಅದೇ ಕಾಯ್ದೆ ಹೇಳ್ತದೆ. ಆದ್ರೆ ಕರಡಿ ಮೈಮೇಲೆ ಬಿದ್ದಾಗ ಬಂದೂಕ ಎತ್ತೋಕೆ ಪುರುಸೊತ್ತು ಎಲ್ಲಿರ್ತದೆ? ಪೊದೆಯಿಂದ ಎದ್ದು ಬರೋ ಕರಡಿ ಕಾಣೋದೇ ನಾಕು ಮಾರು ದೂರದಲ್ಲಿ.

ಅದಕ್ಕೆ ನಮ್ಮ ಬಂದೂಕದ ನಿಜವಾದ ಕೆಲಸ ಸದ್ದು ಮಾಡೋದು. ಶೇಂಗಾ ಕಾಯಿ ಕಟ್ಟೋ ಹೊತ್ತಲ್ಲಿ, ಮೆಕ್ಕೆಜೋಳ ಹಾಲುದುಂಬೋ ಹೊತ್ತಲ್ಲಿ, ಬೇಸಿಗೇಲಿ ನೀರು ಹುಡುಕ್ಕೊಂಡು ತೋಟಕ್ಕೆ ನುಗ್ಗೋ ಹೊತ್ತಲ್ಲಿ, ಮೇಲಕ್ಕೆ ಒಂದು ಢಂ ಅನ್ನಿಸಿದ್ರೆ ಹಂದಿ ಹಿಂಡು ಚೆದುರ್ತದೆ. ಆ ಕಡೆ ತೋಟದಲ್ಲಿ ಮಲಗಿರೋರಿಗೂ ಗೊತ್ತಾಗ್ತದೆ, ಇವರು ಎದ್ದವ್ರೆ ಅಂತ. ವರ್ಷಕ್ಕೆ ಎಷ್ಟು ತೋಟಾ ಖರ್ಚಾಯ್ತು ಅಂತ ಅಪ್ಪ ಲೆಕ್ಕ ಇಟ್ಟವ್ನೆ. ಕೆಲವು ವರ್ಷ ಎರಡು, ಕೆಲವು ವರ್ಷ ಒಂದೂ ಇಲ್ಲ.

ಇಂಥ ಬಂದೂಕನ್ನ ಸರ್ಕಾರ ಯಾವಾಗ ನೆನಪು ಮಾಡ್ಕೊತದೆ ಗೊತ್ತಾ? ಎಲೆಕ್ಷನ್ ಬಂದಾಗ.

2023ರ ಮಾರ್ಚ್ 29ಕ್ಕೆ ವಿಧಾನಸಭೆ ಚುನಾವಣೆ ಘೋಷಣೆ ಆಯ್ತು. ಬಂದೂಕ ತಂದು ಒಪ್ಪಿಸಿ ಅಂತ ಠಾಣೆಯಿಂದ ಫೋನ್. ಮುಂದಿನ ವರ್ಷ 2024ರ ಮಾರ್ಚ್ 16ಕ್ಕೆ ಲೋಕಸಭೆ ಚುನಾವಣೆ ಘೋಷಣೆ. ಮತ್ತೆ ಫೋನ್. ನಮ್ಮ ಚಿತ್ರದುರ್ಗ ಕ್ಷೇತ್ರದಲ್ಲಿ ಓಟು ನಡೆದಿದ್ದು ಏಪ್ರಿಲ್ 26ಕ್ಕೆ. ಎಣಿಕೆ ಜೂನ್ 4ಕ್ಕೆ. ಓಟು ಹಾಕಿ ಬೆರಳಿನ ಮಸಿ ಅಳಿಸಿ ಹೋದ್ರೂ ಬಂದೂಕ ಮಾತ್ರ ಠಾಣೆಲಿ. ಮಾರ್ಚಿಂದ ಜೂನ್ ಅಂದ್ರೆ ನಮ್ಮ ಕಡೆ ಯಾವ ಕಾಲ ಅಂತ ನಿಮಗೇ ಗೊತ್ತು. ಗುಡ್ಡದಲ್ಲಿ ಹನಿ ನೀರಿಲ್ಲ, ಪ್ರಾಣಿಗಳೆಲ್ಲ ಕೆಳಗಿಳಿಯೋ ಕಾಲ. ಯಾವ ಮೂರು ತಿಂಗಳಿಗೆ ಅಂತ ಆ ಲೈಸೆನ್ಸ್ ಕೊಟ್ಟವ್ರೋ, ಆ ಮೂರು ತಿಂಗಳೇ ಬಂದೂಕ ಮನೇಲಿ ಇರಲ್ಲ.

ಅಪ್ಪ ಅದನ್ನ ಗೋಣಿಚೀಲದಲ್ಲಿ ಸುತ್ತಿ ಬಸ್ಸಲ್ಲಿ ತಗೊಂಡು ಹೋಗ್ತಾನೆ. ಮೊದಲನೇ ದಿನ ಸಾಹೇಬ್ರು ಬಂದೋಬಸ್ತಿಗೆ ಹೋಗಿರ್ತಾರೆ. ಎರಡನೇ ದಿನ ರಸೀದಿ ಪುಸ್ತಕ ಇರಲ್ಲ. ವಾಪಸ್ ತರೋವಾಗಲೂ ಇದೇ ಕತೆ. ಒಂದು ಸಲ ತಂದಾಗ ನಳಿಗೆ ಒಳಗೆ ತುಕ್ಕು ಹಿಡಿದಿತ್ತು. ಎಣ್ಣೆ ಕಾಣದೆ ಮೂರು ತಿಂಗಳು ಗೋಡೆಗೆ ಒರಗಿದ್ರೆ ಯಾವ ಕಬ್ಬಿಣ ತಾನೇ ತಡ್ಕೊತದೆ? ಅಲ್ಲಿನ ಪೊಲೀಸಿನವರ ಮೇಲೆ ನಂಗೇನೂ ಸಿಟ್ಟಿಲ್ಲ. ನಾಕು ಜನ ಮಾಡೋ ಕೆಲಸ ಇಬ್ಬರು ಮಾಡ್ತಿರ್ತಾರೆ. ಸಿಟ್ಟು ಇರೋದು ಎಲ್ಲರನ್ನೂ ಒಂದೇ ಹಗ್ಗದಲ್ಲಿ ಕಟ್ಟೋ ಪದ್ಧತಿ ಮೇಲೆ.

ಯಾಕಂದ್ರೆ ನಿಯಮ ಅಂಗೆ ಹೇಳೇ ಇಲ್ಲ. ಚುನಾವಣಾ ಆಯೋಗದ ಸೂಚನೆ ಪ್ರಕಾರ ಜಿಲ್ಲಾಧಿಕಾರಿ, ಎಸ್ಪಿ ಇರೋ ಒಂದು ಪರಿಶೀಲನಾ ಸಮಿತಿ ಕೂತು ಒಂದೊಂದೇ ಲೈಸೆನ್ಸ್ ನೋಡಬೇಕು. ಜಾಮೀನಿನ ಮೇಲೆ ಹೊರಗಿರೋರು, ಅಪರಾಧದ ಹಿನ್ನೆಲೆ ಇರೋರು, ಹಿಂದೆ ಗಲಾಟೆ ದೊಂಬೀಲಿ, ಅದರಲ್ಲೂ ಚುನಾವಣೆ ಗಲಾಟೇಲಿ ಸಿಕ್ಕಿಬಿದ್ದೋರು, ಇಂಥೋರ ಬಂದೂಕ ಕಡ್ಡಾಯವಾಗಿ ತಗೋಬೇಕು. ಫಲಿತಾಂಶ ಬಂದು ಒಂದು ವಾರ ಆದ್ಮೇಲೆ ವಾಪಸ್ ಕೊಡಬೇಕು. ಈ ಸಮಿತಿ ಅನ್ನೋದು 2009ರಲ್ಲಿ ಬಾಂಬೆ ಹೈಕೋರ್ಟಿನ ತೀರ್ಪೊಂದರ ನಂತರ ಬಂದಿದ್ದು. ಒಬ್ಬೊಬ್ಬರನ್ನೂ ನೋಡಿ ತೀರ್ಮಾನ ಮಾಡ್ರಿ ಅನ್ನೋದೇ ಅದರ ತಿರುಳು. ಇಷ್ಟು ಚೆನ್ನಾಗಿ ಬರೆದಿರೋ ಸೂಚನೆ ಊರಿಗೆ ಬರೋ ಹೊತ್ತಿಗೆ "ಎಲ್ಲಾರೂ ತಂದು ಇಡ್ರಿ" ಅಂತ ಆಗಿಬಿಟ್ಟಿರ್ತದೆ. ಒಂದೊಂದೇ ಫೈಲ್ ನೋಡೋದಕ್ಕಿಂತ ಒಂದೇ ಆರ್ಡರ್ ಬರೆಯೋದು ಸಲೀಸಲ್ವಾ? ಕರಾವಳಿ, ಮಲೆನಾಡಿನ ರೈತರು ಇದೇ ವಿಷಯಕ್ಕೆ ಕೋರ್ಟ್ ಮೆಟ್ಟಿಲು ಹತ್ತವ್ರೆ. ನಮ್ಮ ಬಯಲುಸೀಮೆಯೋರು ಗೊಣಗಾಡ್ಕೊಂಡು ಬಸ್ ಹತ್ತುತೀವಿ.

ಇದರಲ್ಲಿ ನೋವಾಗೋದು ಬಸ್ ಚಾರ್ಜಿಗಲ್ಲ. ಐವತ್ತು ವರ್ಷ ಒಂದು ಕೇಸಿಲ್ಲದೆ, ಒಂದು ಜಗಳ ಇಲ್ಲದೆ ಬದುಕಿದ ಮುದುಕನ್ನ ಎಲೆಕ್ಷನ್ ಬಂದ ತಕ್ಷಣ ಅನುಮಾನದಿಂದ ನೋಡ್ತಾರಲ್ಲ, ಅದು. ಅದೇ ಹೊತ್ತಲ್ಲಿ ಹಣ, ಹೆಂಡ, ಸೀರೆ, ಕುಕ್ಕರ್ ಹಂಚೋ ಗಾಡಿಗಳು ಓಡಾಡ್ತಿರ್ತವೆ. ಎಲೆಕ್ಷನ್ ಕೆಡಿಸೋದು ಅಪ್ಪನ ಒಂಟಿ ನಳಿಗೆಯಾ?

ಆಳೋರಿಗೆ ಜನರ ಕೈಯಲ್ಲಿರೋ ಬಂದೂಕದ ಮೇಲೆ ಅನುಮಾನ ಇವತ್ತಿನದಲ್ಲ. 1857ರ ದಂಗೆ ಆದ್ಮೇಲೆ ಬ್ರಿಟಿಷರು ಆಯುಧ ಒಪ್ಪಿಸ್ರಿ ಅಂತ ಕಾನೂನು ತಂದ್ರು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಕೊಡಲ್ಲ ಅಂದ್ರು. ಅವರಿಗೆ ಬೇಟೆ, ಕಾವಲು ಅಂದ್ರೇನೇ ಹೊಟ್ಟೆಪಾಡು. ಆ ವರ್ಷದ ನವೆಂಬರ್ ಕೊನೇಲಿ ಸೈನ್ಯ ಬಂದು ಊರನ್ನೇ ಸುಟ್ಟಿತು. ಹತ್ತೊಂಬತ್ತು ಜನರನ್ನ ಗಲ್ಲಿಗೆ ಹಾಕಿದ್ರು. ಹತ್ತನೇ ಕ್ಲಾಸಿನ ಕನ್ನಡ ಪುಸ್ತಕದಲ್ಲಿ ಆ ಲಾವಣಿ ಓದಿರೋರು ತುಂಬ ಜನ ಇದ್ದೀರಿ. 1878ರಲ್ಲಿ ಲಾರ್ಡ್ ಲಿಟ್ಟನ್ ಕಾಲದ ಆಯುಧ ಕಾಯ್ದೆ ಬಂತು. ಭಾರತೀಯರಿಗೆ ಲೈಸೆನ್ಸ್ ಬೇಕು, ಯುರೋಪಿಯನ್ನರಿಗೆ ವಿನಾಯಿತಿ. ಸ್ವಾತಂತ್ರ್ಯ ಬಂದ್ಮೇಲೆ 1959ರಲ್ಲಿ ನಮ್ಮದೇ ಕಾಯ್ದೆ ಆಯ್ತು, ಆ ಭೇದ ಹೋಯ್ತು. ಆದ್ರೆ ಕೌಂಟರ್ ಆಚೆ ಕೂತೋರು ಈಚೆ ನಿಂತೋರನ್ನ ನೋಡೋ ನೋಟ ಮಾತ್ರ ಪೂರ್ತಿ ಹೋಗಿಲ್ಲ.

ಕೊಡಗಿನೋರ ಮಾತು ಬೇರೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಅವರಿಗೆ ವಿನಾಯಿತಿ ಕೊಟ್ಟ. ಇವತ್ತಿಗೂ ಕೊಡವ ಜನಾಂಗದೋರಿಗೆ, ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸ್ ಬೇಕಿಲ್ಲ, ವಿನಾಯಿತಿ ಪತ್ರ ಸಾಕು. 2019ರಲ್ಲಿ ಕೇಂದ್ರ ಅದನ್ನ 2029ರವರೆಗೆ ಮುಂದುವರೆಸಿತು. 2021ರ ಸೆಪ್ಟೆಂಬರಲ್ಲಿ ಹೈಕೋರ್ಟೂ ಎತ್ತಿಹಿಡೀತು. ಕೈಲ್ ಪೊಳ್ದ್ ಹಬ್ಬದಲ್ಲಿ ಅವರು ಕೋವಿಗೆ ಪೂಜೆ ಮಾಡ್ತಾರೆ. ಅವರಿಗೆ ಯಾಕೆ ನಮಗೆ ಯಾಕಿಲ್ಲ ಅಂತ ನಮ್ಮ ಕಡೆ ಕೆಲವರು ಕೇಳ್ತಾರೆ. ನಾನು ಕೇಳಲ್ಲ. ಅವರದು ಮನೆ ಮನೆಯ ಪದ್ಧತಿ. ಕೋವಿಯನ್ನ ಹೆಂಗೆ ಹಿಡೀಬೇಕು, ಎಲ್ಲಿಡಬೇಕು ಅಂತ ಸಣ್ಣ ವಯಸ್ಸಿಂದ ಕಲಿಸ್ತಾರೆ. ನಮಗೆ ವಿನಾಯಿತಿ ಬೇಡ, ಲೈಸೆನ್ಸ್ ಇರಲಿ. ಲೈಸೆನ್ಸ್ ಕೊಟ್ಟಮೇಲೆ ನಂಬಿಕೆನೂ ಇರಲಿ, ಅಷ್ಟೇ.

ಇಷ್ಟು ಕೇಳಿ ಚಿಕ್ಕಪ್ಪನ ಮಗ ಖುಷಿಪಟ್ಟ. ನೋಡು, ನೀನೂ ನಮ್ಮ ಕಡೆಯೋಳೇ ಅಂದ. ಅಲ್ಲ ಕಣಪ್ಪ. ಇಲ್ಲಿಂದ ಮುಂದೆ ನಂದು ನಿಂದು ದಾರಿ ಬೇರೆ.

ಅವನು ಹೇಳೋದು ಇದು: ಕಳ್ಳ ಲೈಸೆನ್ಸ್ ತಗೊಂಡು ಬರಲ್ಲ, ಪೊಲೀಸು ಬರೋ ಹೊತ್ತಿಗೆ ಎಲ್ಲ ಮುಗಿದಿರ್ತದೆ, ಅದಕ್ಕೆ ಒಳ್ಳೇ ಜನರ ಕೈಯಲ್ಲಿ ಬಂದೂಕ ಇರಬೇಕು. ಮೊದಲನೇ ಮಾತು ನಿಜ. 2015ರ ಆಗಸ್ಟ್ 30ಕ್ಕೆ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನ ಮನೆ ಬಾಗಿಲಲ್ಲೇ ಕೊಂದ್ರು. 2017ರ ಸೆಪ್ಟೆಂಬರ್ 5ಕ್ಕೆ ಬೆಂಗಳೂರಲ್ಲಿ ಗೌರಿ ಲಂಕೇಶರನ್ನ ಅವರ ಮನೆ ಮುಂದೇನೇ ಕೊಂದ್ರು. ಎರಡು ಕಡೆನೂ ಹಾರಿದ್ದು 7.65 ಎಂ.ಎಂ. ನಾಡ ಪಿಸ್ತೂಲಿನ ಗುಂಡು. ಅದಕ್ಕೆ ಯಾವ ಡೀಸಿನೂ ಸಹಿ ಹಾಕಿರಲಿಲ್ಲ. ಆದ್ರೆ ಇದೇ ಘಟನೆ ಅವನ ಎರಡನೇ ಮಾತನ್ನ ಬೀಳಿಸ್ತದೆ. ಬಾಗಿಲು ತಟ್ಟಿದೋರಿಗೆ ಬಾಗಿಲು ತೆಗೆಯೋ ಮನುಷ್ಯ, ಗಾಡಿ ಇಳಿದು ಗೇಟ್ ತೆಗೆಯೋ ಮನುಷ್ಯ, ಇವರ ಮನೆ ಒಳಗೆ ಹತ್ತು ಬಂದೂಕ ಇದ್ದಿದ್ರೂ ಏನಾಗ್ತಿತ್ತು? ಕೊಲ್ಲೋಕೆ ಬಂದೋನಿಗೆ ಹೊತ್ತು ಗೊತ್ತಿರ್ತದೆ. ಕಾಯೋನಿಗೆ ಗೊತ್ತಿರಲ್ಲ. ಬಂದೂಕದಿಂದ ಈ ಅಂತರ ಮುಚ್ಚಲ್ಲ. ಇಂಥ ಕಡೆ ಬೇಕಿರೋದು ಕಳ್ಳ ಪಿಸ್ತೂಲು ಎಲ್ಲಿಂದ ಬಂತು ಅಂತ ಹುಡುಕೋ ಪೊಲೀಸು. ಅಪ್ಪನ ಬಂದೂಕಕ್ಕೆ ರಸೀದಿ ಬರೆಯೋಕೆ ಹಾಕಿರೋ ಆಳನ್ನ ಅಲ್ಲಿಗೆ ಹಾಕಬೇಕು.

ಆತ್ಮರಕ್ಷಣೆ ಹಕ್ಕು ಅನ್ನೋದು ನಮ್ಮ ಕಾನೂನಲ್ಲಿ ಗಟ್ಟಿಯಾಗೇ ಐತೆ. ಹಳೇ ದಂಡ ಸಂಹಿತೆಯ 96ರಿಂದ 106ನೇ ಕಲಮು. 2024ರ ಜುಲೈ 1ರಿಂದ ಬಂದಿರೋ ಭಾರತೀಯ ನ್ಯಾಯ ಸಂಹಿತೇಲಿ ಅದು 34ರಿಂದ 44. ಜೀವಕ್ಕೆ ಅಪಾಯ ಅಂತ ನ್ಯಾಯವಾದ ಭಯ ಇದ್ರೆ ಎದುರಿನೋನು ಸತ್ತರೂ ಅಪರಾಧ ಅಲ್ಲ. ಆದ್ರೆ ಅದಕ್ಕೆ ಮೇರೆನೂ ಹಾಕವ್ರೆ. ಪೊಲೀಸರ ಸಹಾಯ ಕೇಳೋಕೆ ಸಮಯ ಇದ್ರೆ ಆ ಹಕ್ಕಿಲ್ಲ. ಕಾಪಾಡ್ಕೊಳ್ಳೋಕೆ ಎಷ್ಟು ಬೇಕೋ ಅದಕ್ಕಿಂತ ಜಾಸ್ತಿ ಹೊಡಿಯಂಗಿಲ್ಲ. ತೆಂಗಿನಕಾಯಿ ಕದಿಯೋಕೆ ಬಂದ ಹುಡುಗ ಬೇಲಿ ಹಾರಿ ಓಡೋವಾಗ ಬೆನ್ನಿಗೆ ಹೊಡೆದ್ರೆ ಅದು ಆತ್ಮರಕ್ಷಣೆ ಅಲ್ಲ, ಕೊಲೆ. ಪಿಸ್ತೂಲಿನ ಅರ್ಜಿ ಬಗ್ಗೆ ಮಾತಾಡೋರು ಈ ಕಲಮುಗಳ ಬಗ್ಗೆ ಮಾತಾಡಿದ್ದನ್ನ ನಾನು ಕೇಳಿಲ್ಲ.

ದುರ್ಗದೋರು ಅಂದ ಮೇಲೆ ಓಬವ್ವನ ಹೆಸರು ಬಂದೇ ಬರ್ತದೆ. ನಮ್ಮ ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆ ಭಾಷಣ ಮಾಡೋರೆಲ್ಲ ಅವಳ ಒನಕೆ ತೋರಿಸ್ತಾರೆ. ನಂಗೆ ಕಾಣೋದು ಒನಕೆ ಅಲ್ಲ. ಗಂಡ ಊಟಕ್ಕೆ ಕೂತಾಗ ನೀರು ತರೋಕೆ ಹೋದೋಳು ಕಿಂಡಿ ಹತ್ರ ಸದ್ದು ಕೇಳಿಸ್ಕೊಂಡಳಲ್ಲ, ಆ ಕಿವಿ. ಒಬ್ಬೊಬ್ಬರೇ ನುಸುಳೋವಷ್ಟು ಸಣ್ಣ ಕಿಂಡಿ, ಎದುರಲ್ಲಿ ಎಚ್ಚರವಾಗಿರೋ ಮನುಷ್ಯಳು. ಮನೆ ಕಾಯೋದು ಅಂದ್ರೆ ಅದು. ನಮ್ಮ ತೋಟದ ಮನೇನ ಇವತ್ತಿನವರೆಗೆ ಕಾದಿರೋದು ಎರಡು ನಾಯಿ, ಅಂಗಳದ ಒಂದು ಲೈಟು, ಕೂಗಿದ್ರೆ ಓಗೊಡೋ ಪಕ್ಕದ ತೋಟದೋರು. ಈಗ ಅದರ ಜೊತೆಗೆ 112 ನಂಬರ್. ಬಂದೂಕ ಬೀಗದೊಳಗೆ ಇರ್ತದೆ, ತೋಟಾ ಇನ್ನೊಂದು ಬೀಗದೊಳಗೆ. ಬಂದ ಕಳ್ಳನ್ನ "ಎರಡು ಬೀಗ ತೆಗೀತೀನಿ, ಸ್ವಲ್ಪ ಇರಪ್ಪ" ಅನ್ನೋಕಾಗ್ತದಾ?

ಅಂಗಾದ್ರೆ ಬೀಗ ಯಾಕೆ, ತಲೆದಿಂಬಿನ ಕೆಳಗೆ ಇಟ್ಕೊಳ್ಳಿ ಅಂತೀರಾ? ಇದಕ್ಕೆ ಉತ್ತರ ಗಂಡಸರ ಕಟ್ಟೆ ಮಾತಲ್ಲಿ ಸಿಗಲ್ಲ, ಹೆಂಗಸರ ಅಡಿಗೆಮನೆ ಮಾತಲ್ಲಿ ಸಿಗ್ತದೆ. ಮನೆಗೆ ಅಪಾಯ ಬರೋದು ಹೊರಗಿಂದ ಮಾತ್ರನಾ? ಬೋರ್‌ವೆಲ್ ಫೇಲಾಗಿ, ಈರುಳ್ಳಿ ರೇಟು ಬಿದ್ದು, ಸೊಸೈಟಿ ನೋಟಿಸ್ ಬಂದು ಗಂಡಸು ರಾತ್ರಿಯೆಲ್ಲ ಜಗುಲಿ ಮೇಲೆ ಕೂತಿರ್ತಾನಲ್ಲ, ಆ ರಾತ್ರಿ ಅವನ ಕೈಗೆ ಬಂದೂಕ ಸಿಗಬಾರದು. ಕುಡಿದು ಬಂದ ದಿನ ಸಿಗಬಾರದು. ಬದು ಜಗಳ ಆದ ದಿನ ಸಿಗಬಾರದು. ರಜಕ್ಕೆ ಬಂದಿರೋ ಮೊಮ್ಮಕ್ಕಳ ಕೈಗೆ ಯಾವತ್ತೂ ಸಿಗಬಾರದು. ಅಮೆರಿಕದಲ್ಲಿ ಬಂದೂಕ ಇಟ್ಕೊಳ್ಳೋದು 1791ರಿಂದ ಸಂವಿಧಾನದ ಹಕ್ಕು. ಅಲ್ಲಿರೋ ನಮ್ಮ ಕನ್ನಡದ ಹುಡುಗರು ತರಕಾರಿ ತಂದಂಗೆ ಅಂಗಡಿಯಿಂದ ತರಬಹುದು ಅಂತ ಹೇಳ್ತಾರೆ. ಅದೇ ದೇಶದಲ್ಲಿ 2020ರಲ್ಲಿ ಮಕ್ಕಳು, ಹದಿಹರೆಯದೋರ ಸಾವಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ಬಂದೂಕ ಅಂತ ಆಯ್ತು, ರಸ್ತೆ ಅಪಘಾತವನ್ನೂ ಹಿಂದೆ ಹಾಕಿ. ಅದನ್ನ ಓದಿದ ಮೇಲೂ ತಲೆದಿಂಬಿನ ಮಾತು ಆಡೋರಿಗೆ ನಾನೇನು ಹೇಳಲಿ?

ಅದಕ್ಕೇ ನಂಗೆ 2016ರ ನಿಯಮದ ಕೆಲವು ಮಾತು ಇಷ್ಟ. ಅರ್ಜಿ ಜೊತೆ ದೇಹ, ಮನಸ್ಸು ಎರಡೂ ನೆಟ್ಟಗಿವೆ ಅಂತ ಡಾಕ್ಟರ್ ಸರ್ಟಿಫಿಕೇಟ್ ಕೊಡಬೇಕು. ಭದ್ರವಾಗಿ ಇಡ್ತೀನಿ ಅಂತ ಬರೆದುಕೊಡಬೇಕು. ಬಂದೂಕ ಹಿಡಿಯೋ ತರಬೇತಿ ಆಗಿರಬೇಕು. 2019ರ ತಿದ್ದುಪಡೀಲಿ ಒಬ್ಬರಿಗೆ ಮೂರು ಬಂದೂಕ ಇದ್ದಿದ್ದನ್ನ ಎರಡಕ್ಕೆ ಇಳಿಸಿದ್ರು. ಮದುವೆ ಮೆರವಣಿಗೇಲಿ ಗತ್ತಿಗೆ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದ್ರೆ ಎರಡು ವರ್ಷ ಜೈಲು, ಇಲ್ಲಾ ಒಂದು ಲಕ್ಷ ದಂಡ, ಇಲ್ಲಾ ಎರಡೂ ಅಂದ್ರು. ಲೈಸೆನ್ಸ್ ಅವಧಿ ಮೂರು ವರ್ಷ ಇದ್ದಿದ್ದನ್ನ ಐದು ಮಾಡಿದ್ರು. ಇವೆಲ್ಲ ಒಳ್ಳೇವು. ಬಿಗಿ ಬೇಕು, ಅದು ಕೊಡೋವಾಗ ಬಿಗಿ ಇರಲಿ. ಬಿಗಿಯಾಗಿ ನೋಡಿ ಕೊಟ್ಟಮೇಲೆ ಎಲೆಕ್ಷನ್ನಿಗೊಂದ್ಸಲ ಕಳ್ಳನಂಗೆ ಕರೆಸೋದು ಬಿಡಲಿ.

ಇನ್ನು ನನ್ನ ತಮ್ಮನ ಮಾತಿಗೆ ಬರ್ತೀನಿ. ಕೊಟ್ಟು ಕೈ ತೊಳ್ಕೊಳ್ಳಿ ಅಂತಾನಲ್ಲ, ಬಂದೂಕ ಇಲ್ಲದ ತೋಟಗಳಲ್ಲಿ ಏನು ಮಾಡ್ತಾರೆ ಅಂತ ಅವನಿಗೆ ಗೊತ್ತಿಲ್ಲ. ಬೇಲಿಗೆ ಸೀದಾ ಕರೆಂಟ್ ಬಿಡ್ತಾರೆ. ಹಂದಿಗೆ ಅಂತ ಹಿಟ್ಟಿನುಂಡೆಯೊಳಗೆ ಸಿಡಿಮದ್ದು ಇಡ್ತಾರೆ. ಎರಡೂ ಅಪರಾಧ. ಎರಡಕ್ಕೂ ಹಂದಿ ಯಾವುದು, ಹಸ ಯಾವುದು, ನೀರು ಕಟ್ಟೋಕೆ ಬಂದ ಪಕ್ಕದ ತೋಟದ ಹುಡುಗ ಯಾರು ಅನ್ನೋದು ಗೊತ್ತಾಗಲ್ಲ. ತಂತಿ ಮುಟ್ಟಿ ಸತ್ತೋರ ಸುದ್ದಿ ಪೇಪರಲ್ಲಿ ಎಷ್ಟು ಸಲ ಓದಿಲ್ಲ ನಾವು? ಮೇಲಕ್ಕೆ ಹೊಡೆದ ಒಂದು ಸದ್ದಿಂದ ಯಾರ ಪ್ರಾಣನೂ ಹೋಗಲ್ಲ. ಅದನ್ನ ಕಿತ್ಕೊಂಡ್ರೆ ಆ ಜಾಗಕ್ಕೆ ಸುಮ್ಮನೆ ಕೊಲ್ಲೋ ತಂತಿ ಬಂದು ಕೂರ್ತದೆ.

ಹೋಗಲಿ, ರಾತ್ರಿ ಹೊತ್ತು ನಾವು ತೋಟಕ್ಕೆ ಹೋಗೋದಾದ್ರೂ ಯಾಕೆ? ಈ ಪ್ರಶ್ನೇನ ಬಂದೂಕದ ಪರ ಇರೋರೂ ಕೇಳಲ್ಲ, ವಿರೋಧ ಇರೋರೂ ಕೇಳಲ್ಲ. ತ್ರೀ ಫೇಸ್ ಕರೆಂಟ್ ರಾತ್ರಿ ಕೊಡ್ತಾರೆ, ಅದಕ್ಕೆ ಹೋಗ್ತೀವಿ. ಪಂಪ್‌ಸೆಟ್ಟಿಗೆ ದಿನಕ್ಕೆ 7 ಗಂಟೆ ಅನ್ನೋದು ಸರ್ಕಾರದ ಮಾತು. ಆ ಏಳು ಗಂಟೆ ಪಾಳಿ ಮೇಲೆ ಹಂಚಿರೋದು. ಒಂದು ವಾರ ಹಗಲಾದ್ರೆ ಇನ್ನೊಂದು ವಾರ ನಡುರಾತ್ರಿ. ಆಟೋ ಸ್ಟಾರ್ಟರ್ ಹಾಕಿದ್ರೆ ಮೋಟರ್ ಏನೋ ತಾನೇ ಆನ್ ಆಗ್ತದೆ, ವಾಲ್ ತಿರುಗಿಸೋರು ಯಾರು, ಒಡೆದ ಪೈಪ್ ನೋಡೋರು ಯಾರು? ನಮ್ಮನೆಯವರು ಬ್ಯಾಟರಿ ಹಿಡ್ಕೊಂಡು ಒಂದೂವರೆ ಗಂಟೆಗೆ ಏಳ್ತಾರೆ. ಹಾವಿರ್ತದೆ, ಕರಡಿ ಇರ್ತದೆ. ಅವರು ವಾಪಸ್ ಬಂದು ಕಾಲು ತೊಳೆಯೋ ಸದ್ದು ಕೇಳೋವರೆಗೆ ನಂಗೆ ನಿದ್ದೆ ಬರಲ್ಲ. ಯಲ್ಲದಕೆರೆ ಸುತ್ತಮುತ್ತ ತೋಟದ ಮನೇಲಿರೋ ಯಾವ ಹೆಂಗಸನ್ನ ಕೇಳಿದ್ರೂ ಇದೇ ಹೇಳ್ತಾಳೆ.

ಹಗಲು ಕರೆಂಟ್ ಕೊಟ್ರೆ ಅರ್ಧ ಬಂದೂಕಕ್ಕೆ ಕೆಲಸ ಇಲ್ಲ. 2019ರಲ್ಲಿ ಕೇಂದ್ರ ಕುಸುಮ್ ಅಂತ ಯೋಜನೆ ಶುರು ಮಾಡ್ತು. ಅದರ ಒಂದು ಭಾಗದಲ್ಲಿ ಊರಿನ ಪಂಪ್‌ಸೆಟ್ ಲೈನಿಗೇ ಸೋಲಾರ್ ಜೋಡಿಸಿ ಹಗಲು ಹೊತ್ತು ಕರೆಂಟ್ ಕೊಡಬಹುದು. ನಮ್ಮ ಹಿರಿಯೂರು ಸೀಮೇಲಿ ಬಿಸಿಲಿಗೇನು ಬರ? ಎಲೆಕ್ಷನ್ನಿಗೆ ಬರೋರು ಭದ್ರತೆ, ರಕ್ಷಣೆ ಅಂತ ದೊಡ್ಡ ದೊಡ್ಡ ಮಾತಾಡ್ತಾರೆ. ಅವರನ್ನ ಕಟ್ಟೆ ಹತ್ರ ನಿಲ್ಲಿಸಿ, "ಸ್ವಾಮಿ, ನಮ್ಮ ಫೀಡರಿಗೆ ಹಗಲು ಕರೆಂಟ್ ಯಾವಾಗ?" ಅಂತ ಕೇಳ್ರಿ. ನಮ್ಮ ಸೀಮೇಲಿ ಭದ್ರತೆ ಅಂದ್ರೆ ಅದು. ಗಡಿ ಕಾಯೋ ಮಾತು ಆಮೇಲೆ, ಗಂಡ ಗದ್ದೆಯಿಂದ ವಾಪಸ್ ಬರೋ ಮಾತು ಮೊದಲು.

ಆದ್ರೆ ಆ ದಿನ ಬರೋವರೆಗೆ ಬಂದೂಕ ಬೇಕು. ಅದಕ್ಕೇ ನನ್ನ ಹೆಸರಿಗೆ ಅಂದಿದ್ದು. ಗಂಡಸರ ಹೆಸರಲ್ಲಿದ್ರೆ ಅದು ಪ್ರತಿಷ್ಠೆ ಆಗ್ತದೆ, ಬಂದ ನೆಂಟರಿಗೆ ತೆಗೆದು ತೋರಿಸೋ ಸಾಮಾನಾಗ್ತದೆ. ಒಡವೆ ಬೀಗದ ಕೈ, ಕಣಜದ ಬೀಗದ ಕೈ ಮನೆ ಹೆಂಗಸಿನ ಸೊಂಟದಲ್ಲಿ ಇರೋ ಕಡೆ ಬಂದೂಕದ ಬೀಗದ ಕೈನೂ ಇರಲಿ. ಯಾರಿಗೆ ಯಾವತ್ತು ಕೊಡಬಾರದು ಅಂತ ಅವಳಿಗೆ ಗೊತ್ತಿರ್ತದೆ.

ಅಧಿಕಾರದಲ್ಲಿರೋರಿಗೆ ನಾನು ಕೇಳೋದು ಮೂರೇ. ಎಲೆಕ್ಷನ್ ಬಂದಾಗ ಸಮಿತಿ ನಿಜವಾಗಿ ಕೂತು ಹೆಸರು ಹೆಸರು ನೋಡಲಿ, ಬೆಳೆ ಕಾಯೋ ಬಂದೂಕ ಕಳಂಕ ಇಲ್ಲದೋರ ಮನೇಲೇ ಇರಲಿ. ತಗೊಳ್ಳಲೇಬೇಕು ಅಂದ್ರೆ ಅದೇ ದಿನ ರಸೀದಿ ಕೊಡಲಿ, ಫಲಿತಾಂಶ ಆಗಿ ವಾರಕ್ಕೆ ವಾಪಸ್ ಕೊಡಲಿ, ಎಣ್ಣೆ ಹಚ್ಚಿ ಇಟ್ಟಿರಲಿ. ಹಗಲು ಕರೆಂಟ್ ಕೊಡಲಿ. ಮೂರನೇದು ಕೊಟ್ರೆ ಮೊದಲೆರಡು ಕೇಳೋ ಜನನೇ ಕಮ್ಮಿ ಆಗ್ತಾರೆ.

ಅರ್ಜಿ ಫಾರಂ ತಂದಿಟ್ಟಿದ್ದೀನಿ. ಅಪ್ಪ ಸಹಿ ಹಾಕಾಯ್ತು. ತಮ್ಮನ ಒಪ್ಪಿಗೆ ಪತ್ರ ಇನ್ನೂ ಬಂದಿಲ್ಲ, ಬರ್ತದೆ, ಅವನೇನು ಹಟಮಾರಿ ಅಲ್ಲ. ನಿಮ್ಮ ಮನೇಲೂ ಅಜ್ಜನ ಕಾಲದ ಬಂದೂಕ ಅಟ್ಟದ ಮೇಲೆ, ಬಾಗಿಲ ಸಂದೀಲಿ ಇದ್ರೆ, ಲೈಸೆನ್ಸ್ ಯಾರ ಹೆಸರಲ್ಲೈತೆ, ಯಾವ ವರ್ಷದವರೆಗೆ ಐತೆ ಅಂತ ಇವತ್ತೇ ತೆಗೆದು ನೋಡ್ರಿ. ಜೊತೆಗೆ ಬೀಗದ ಕೈ ಯಾರ ಹತ್ರ ಐತೆ ಅಂತನೂ ಕೇಳ್ರಿ.